ಗಲ್ಲಿಗೇರದ ಅಪರಾಧಿ ಮತ್ತು ಜೀವಾವಧಿ ಶಿಕ್ಷೆಯ ಮೇಲಿನ ನಂಬಿಕೆ

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಸರಣಿ ಹಂತಕ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿದಾಗ, ಕರ್ನಾಟಕದಲ್ಲಿ ಆ ಹೆಸರನ್ನು ಕೇಳಿದ್ದ ಬಹಳಷ್ಟು ಜನರ ಬಾಯಲ್ಲಿ ಬಂದದ್ದು ಒಂದೇ ಪ್ರಶ್ನೆ: ಇಂಥವನನ್ನೂ ನೇಣಿಗೇರಿಸದಿದ್ದರೆ ಆ ಶಿಕ್ಷೆ ಇರುವುದಾದರೂ ಯಾರಿಗಾಗಿ? ಮರಣದಂಡನೆ ಬೇಡವೆಂದು ಬಹುಕಾಲದಿಂದ ನಂಬಿಕೊಂಡು ಬಂದಿರುವ ನನಗೆ ಈ ಪ್ರಶ್ನೆಯನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಸರಿಯೆನಿಸಲಿಲ್ಲ. ಹಸಿವಿನಿಂದ ಕದ್ದವನನ್ನೋ, ಕ್ಷಣದ ಸಿಟ್ಟಿನಲ್ಲಿ ಕೈಯೆತ್ತಿದವನನ್ನೋ ಮುಂದಿಟ್ಟುಕೊಂಡು ಕರುಣೆಯ ಮಾತಾಡುವುದು ಸುಲಭ. ಒಮ್ಮೆಯಲ್ಲ, ಮತ್ತೆ ಮತ್ತೆ, ಯೋಚಿಸಿ, ಬಾಗಿಲು ತಟ್ಟಿ ಒಳಬಂದು ಹೆಂಗಸರನ್ನು ಕೊಂದವನ ಎದುರಿನಲ್ಲೂ ಆ ವಾದ ನಿಲ್ಲಬೇಕು. ಅಲ್ಲಿ ನಿಲ್ಲದಿದ್ದರೆ ಅದನ್ನು ವಾದವೆಂದು ಕರೆಯಬೇಕಾಗಿಲ್ಲ.

ಆದ್ದರಿಂದ ಅವನ ಪ್ರಕರಣದಿಂದಲೇ ಹೊರಡುತ್ತೇನೆ. ಚಿತ್ರದುರ್ಗ ಜಿಲ್ಲೆಯ ಈತ ಮೊದಲು ಸಿಆರ್‌ಪಿಎಫ್‌ನಲ್ಲಿದ್ದು, ಆಮೇಲೆ ನಮ್ಮ ರಾಜ್ಯದ ಪೊಲೀಸ್ ಪಡೆಯನ್ನೇ ಸೇರಿದ್ದವನು. ಹಗಲು ಹೊತ್ತಿನಲ್ಲಿ, ಗಂಡಸರು ಕೆಲಸಕ್ಕೆ ಹೋಗಿರುವ ಸಮಯ ನೋಡಿ, ನೀರು ಕೇಳುವ ಅಥವಾ ವಿಳಾಸ ವಿಚಾರಿಸುವ ನೆಪದಲ್ಲಿ ಮನೆಗಳಿಗೆ ನುಗ್ಗುವುದು ಅವನ ರೀತಿಯಾಗಿತ್ತೆಂದು ಆ ಕಾಲದ ಪತ್ರಿಕೆಗಳು ಬರೆದಿದ್ದವು. ಯಾವ ಪ್ರಕರಣದಲ್ಲಿ ಅವನಿಗೆ ಗಲ್ಲು ವಿಧಿಸಲಾಯಿತೋ ಅದು ನಡೆದದ್ದು 1998ರ ಫೆಬ್ರುವರಿ 28ರಂದು, ಬೆಂಗಳೂರಿನ ಪೀಣ್ಯದಲ್ಲಿ. ಗಂಡನನ್ನು ಕಳೆದುಕೊಂಡು ಮಗನೊಂದಿಗೆ ಬದುಕುತ್ತಿದ್ದ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ. ಆಟ ಮುಗಿಸಿ ಮನೆಗೆ ಬಂದ ಪುಟ್ಟ ಮಗನಿಗೆ, ನಿನ್ನ ಅಮ್ಮನಿಗೆ ದೆವ್ವ ಹಿಡಿದಿದೆ, ಅದಕ್ಕೇ ಕಟ್ಟಿಹಾಕಿದ್ದೇನೆ, ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹೊರಟುಹೋದ. ಮುಂದೆ ನ್ಯಾಯಾಲಯದಲ್ಲಿ ಅವನನ್ನು ಗುರುತಿಸಿದ್ದು ಆ ಮಗುವೇ. ಈ ವಿವರಗಳನ್ನು ಓದಿದ ಯಾರಿಗಾದರೂ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ, ನನಗೂ ಹಾಗೆಯೇ ಆಗಿದೆ. ಆ ಸಿಟ್ಟು ತಪ್ಪೆಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ.

ಆದರೆ ಇದೇ ಪ್ರಕರಣದ ಇನ್ನೊಂದು ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಪೀಣ್ಯದ ಆ ಮನೆಯ ಬಾಗಿಲಿಗೆ ಬರುವ ಮೊದಲೇ ಅವನು ಪೊಲೀಸರ ಕೈಗೆ ಸಿಕ್ಕಿದ್ದ ಮತ್ತು ಪೊಲೀಸರ ವಶದಿಂದ ತಪ್ಪಿಸಿಕೊಂಡಿದ್ದ. ಸಿಗುವುದು, ಬೆಂಗಾವಲಿನವರ ಕಣ್ಣು ತಪ್ಪಿಸಿ ಓಡಿಹೋಗುವುದು, ಮತ್ತೆ ಸಿಗುವುದು ಎಂಬ ಈ ಸರಣಿ ಕೊನೆಗೂ ಮುಗಿದದ್ದು 2002ರಲ್ಲಿ, ಯಶವಂತಪುರದಲ್ಲಿ ಅವನು ಸಿಕ್ಕಿಬಿದ್ದಾಗ. ಮೊದಲ ಸಲವೇ ಗಲ್ಲಿಗೇರಿಸಿದ್ದರೆ ಆ ಹೆಣ್ಣುಮಗಳು ಉಳಿಯುತ್ತಿದ್ದಳು ಎಂದು ಹೇಳುವವರಿದ್ದಾರೆ. ಮೊದಲ ಸಲ ಸಿಕ್ಕಾಗ ಅವನಿನ್ನೂ ವಿಚಾರಣಾಧೀನ ಕೈದಿ. ಜಗತ್ತಿನ ಯಾವ ಕಠಿಣ ಕಾನೂನೂ ಆಗ ಅವನನ್ನು ನೇಣಿಗೆ ಹಾಕಲು ಸಾಧ್ಯವಿರಲಿಲ್ಲ. ಆಕೆಯನ್ನು ಉಳಿಸಬಹುದಾಗಿದ್ದದ್ದು ಗಟ್ಟಿಯಾದ ಒಂದು ಕೋಳ, ಎಚ್ಚರವಿದ್ದ ಇಬ್ಬರು ಕಾನ್‌ಸ್ಟೆಬಲ್‌ಗಳು, ಒಂದು ಜಿಲ್ಲೆಯ ಮಾಹಿತಿಯನ್ನು ಇನ್ನೊಂದು ಜಿಲ್ಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ವ್ಯವಸ್ಥೆ. ಮರಳಿ ಮರಳಿ ಹಿಂಸೆಗಿಳಿಯುವ ಅಪರಾಧಿಯ ಎರಡನೆಯ, ಮೂರನೆಯ ಅಪರಾಧಗಳ ಹಿಂದೆ ಇಂಥ ಸಡಿಲ ಕೊಂಡಿಗಳೇನಾದರೂ ಇದ್ದವೇ ಎಂದು ಮೊದಲು ಕೇಳಬೇಕು. ಗಲ್ಲು ಶಿಕ್ಷೆಯ ಕುರಿತ ನಮ್ಮ ಗದ್ದಲದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಉತ್ತರ ಹೇಳಬೇಕಾದವರು ಸುಮ್ಮನಿದ್ದುಬಿಡುತ್ತಾರೆ.

ಇನ್ನು ಗಲ್ಲು ಶಿಕ್ಷೆ ನಡೆದುಕೊಂಡ ರೀತಿ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದ್ದು 2006ರಲ್ಲಿ. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಶಿಕ್ಷೆಯ ವಿಷಯವಾಗಿ ಒಮ್ಮತ ಮೂಡದೆ ಪ್ರಕರಣ ಮೂರನೆಯವರ ಮುಂದೆ ಹೋಗಿ, 2009ರಲ್ಲಿ ಗಲ್ಲು ಖಚಿತವಾಯಿತು. ಒಂದೇ ಸಾಕ್ಷ್ಯ ಮತ್ತು ಒಂದೇ ಕಾನೂನಿನ ಮೇಲೆ ಒಬ್ಬ ನ್ಯಾಯಮೂರ್ತಿಗೆ ಸಾವು ಸರಿಯೆನಿಸಿ ಇನ್ನೊಬ್ಬರಿಗೆ ಸೆರೆ ಸರಿಯೆನಿಸುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು, 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿದರು, 2016ರಲ್ಲಿ ಪುನರ್‌ಪರಿಶೀಲನಾ ಅರ್ಜಿಯೂ ವಜಾ ಆಯಿತು. ಈ ಅವಧಿಯಲ್ಲಿ ಅವನಿದ್ದದ್ದು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ, 2006ರಿಂದ 2016ರವರೆಗೆ ಒಂಟಿ ಸೆರೆಯಲ್ಲಿ. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವವರೆಗೆ ಕೈದಿಯನ್ನು ಮರಣದಂಡನೆಗೆ ಒಳಗಾದವನೆಂದು ಪರಿಗಣಿಸಿ ಒಂಟಿಯಾಗಿ ಕೂಡಿಹಾಕುವಂತಿಲ್ಲ ಎಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿಯೇ ಹೇಳಿತ್ತು. ಅದು ಇಲ್ಲಿ ಪಾಲನೆಯಾಗಲಿಲ್ಲ. 2022ರಲ್ಲಿ ಶಿಕ್ಷೆ ಇಳಿದದ್ದು ಅವನ ಅಪರಾಧ ಚಿಕ್ಕದೆಂಬ ಕಾರಣಕ್ಕಲ್ಲ, ಈ ಕಾನೂನುಬಾಹಿರ ಒಂಟಿ ಸೆರೆಯ ಕಾರಣಕ್ಕೆ.

ಕೊಲೆ ನಡೆದು ಇಪ್ಪತ್ತನಾಲ್ಕು ವರ್ಷಗಳ ನಂತರ ಬಂದ ಆ ಆದೇಶದ ಹೊತ್ತಿಗೆ, ತಾಯಿಯನ್ನು ಕಳೆದುಕೊಂಡ ಮಗು ಮೂವತ್ತು ದಾಟಿದ ಮನುಷ್ಯನಾಗಿರುತ್ತಾನೆ. ಅಷ್ಟು ಕಾಲ ಮತ್ತೆ ಮತ್ತೆ ಪತ್ರಿಕೆಯಲ್ಲಿ ಆ ಹೆಸರು, ಮತ್ತೆ ಮತ್ತೆ ಗಲ್ಲು ಹತ್ತಿರ ಬಂತೆಂಬ ಸುದ್ದಿ, ಮತ್ತೆ ತಡೆಯಾಜ್ಞೆ. ಗಲ್ಲು ಶಿಕ್ಷೆ ನೊಂದವರಿಗೆ ಸಮಾಧಾನ ತರುತ್ತದೆ ಎಂಬ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಅದು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಶಿಕ್ಷೆಯಲ್ಲ. 2000ದಿಂದ 2015ರವರೆಗಿನ ಪ್ರಕರಣಗಳನ್ನು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಿಚಾರಣಾ ನ್ಯಾಯಾಲಯಗಳು ವಿಧಿಸಿದ ಗಲ್ಲು ಶಿಕ್ಷೆಗಳಲ್ಲಿ ಮೇಲ್ಮನವಿಗಳ ಕೊನೆಯಲ್ಲಿ ಉಳಿದುಕೊಂಡವು ಶೇಕಡ 5ಕ್ಕಿಂತ ಕಡಿಮೆ. ಉಳಿದವರೆಲ್ಲರ ಮನೆಯವರಿಗೆ, ಕೊಲೆಯಾದವರ ಮನೆಯವರಿಗೆ ಮತ್ತು ಕೊಂದವರ ಮನೆಯವರಿಗೆ, ವರ್ಷಗಟ್ಟಲೆ ಸಿಕ್ಕಿದ್ದು ಈಡೇರದ ಒಂದು ತೀರ್ಪು. 2000ದಿಂದ ಈಚೆಗೆ ದೇಶದಲ್ಲಿ ನೇಣಿಗೇರಿದವರು ಎಂಟು ಜನ: 2004ರಲ್ಲಿ ಕೋಲ್ಕತ್ತದಲ್ಲಿ ಧನಂಜಯ್ ಚಟರ್ಜಿ, 2012ರಲ್ಲಿ ಕಸಬ್, 2013ರಲ್ಲಿ ಅಫ್ಜಲ್ ಗುರು, 2015ರಲ್ಲಿ ಯಾಕೂಬ್ ಮೆಮನ್, 2020ರ ಮಾರ್ಚ್ 20ರಂದು ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಾಲ್ವರು. ಕೊಲೆಗಾಗಿ ಶಿಕ್ಷೆ ಅನುಭವಿಸಿ ಹೊರಬಂದು ಮತ್ತೆ ಕೊಂದವನು ಈ ಪಟ್ಟಿಯಲ್ಲಿಲ್ಲ. ಯಾರ ಹೆಸರು ಹೇಳಿ ಗಲ್ಲನ್ನು ಸಮರ್ಥಿಸುತ್ತೇವೋ, ಆ ಬಗೆಯ ಅಪರಾಧಿಗಳಿಂದ ನಮ್ಮನ್ನು ಕಾಪಾಡುವ ಕೆಲಸವನ್ನು ಈ ಶಿಕ್ಷೆ ಈ ಅವಧಿಯಲ್ಲಿ ಮಾಡಿಲ್ಲ.

ಜೀವಾವಧಿ ಶಿಕ್ಷೆಯಲ್ಲಿರುವವನೇ ಕೊಲೆ ಮಾಡಿದರೆ ಏನು ಮಾಡುವುದು? ಎಲ್ಲಕ್ಕಿಂತ ಕಠಿಣವಾದ ಈ ಪ್ರಶ್ನೆಗೆ ಬ್ರಿಟಿಷರ ಕಾಲದ ದಂಡ ಸಂಹಿತೆ ಸರಳ ಉತ್ತರವನ್ನು ಇಟ್ಟುಕೊಂಡಿತ್ತು. ಅದರ 303ನೇ ಕಲಮಿನ ಪ್ರಕಾರ ಅಂಥವನಿಗೆ ಮರಣದಂಡನೆ ಕಡ್ಡಾಯ, ನ್ಯಾಯಾಧೀಶರು ಬೇರೆ ಯೋಚಿಸುವಂತೆಯೇ ಇರಲಿಲ್ಲ. 1983ರಲ್ಲಿ ಮಿಠೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ರದ್ದುಗೊಳಿಸಿತು. ಸೆರೆಮನೆಯೊಳಗಿನ ಬದುಕು ಮನುಷ್ಯನನ್ನು ಯಾವ ಒತ್ತಡಕ್ಕೆ ದೂಡಬಹುದೆಂಬುದನ್ನೂ, ಕೊಲೆ ನಡೆದ ಸಂದರ್ಭವನ್ನೂ ನೋಡದೆ ಸಾವನ್ನು ವಿಧಿಸುವುದು ನ್ಯಾಯವಲ್ಲವೆಂಬ ಆ ಪೀಠದ ದಾರಿ ಇಂದಿಗೂ ಸರಿಯೆನಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 104ನೇ ಕಲಮು ಇದೇ ಅಪರಾಧಕ್ಕೆ ಎರಡು ಆಯ್ಕೆಗಳನ್ನು ಕೊಟ್ಟಿದೆ: ಮರಣದಂಡನೆ, ಅಥವಾ ಸಹಜ ಜೀವನದ ಉಳಿದೆಲ್ಲ ಅವಧಿಯ ಸೆರೆ. ಅತ್ಯಾಚಾರದ ಅಪರಾಧವನ್ನು ಮರಳಿ ಎಸಗುವವರಿಗೂ 2013ರ ತಿದ್ದುಪಡಿ ಇಂಥದೇ ಎರಡು ಆಯ್ಕೆಗಳನ್ನು ತಂದಿತ್ತು. ಅದರಡಿ ಮುಂಬೈನ ಶಕ್ತಿ ಮಿಲ್ಸ್ ಪ್ರಕರಣದ ಮೂವರಿಗೆ 2014ರಲ್ಲಿ ಗಲ್ಲು ವಿಧಿಸಲಾಗಿತ್ತು. 2021ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಜೀವವಿರುವವರೆಗಿನ ಸೆರೆಯಾಗಿ ಬದಲಿಸಿತು. ಹೀಗೆ ಕಾನೂನೇ ಎರಡೂ ಬಾಗಿಲುಗಳನ್ನು ತೆರೆದಿಟ್ಟಿರುವಾಗ, ಎರಡನೆಯದರ ಮೇಲೆ ಜನರಿಗೆ ಯಾಕೆ ನಂಬಿಕೆಯಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುವ ವಿಷಯ.

ನಂಬಿಕೆ ಇಲ್ಲದಿರುವುದಕ್ಕೆ ಕಾರಣಗಳಿವೆ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ನಮ್ಮಲ್ಲಿ ಶಾಲೆ ಓದಿದವರೂ ಓದದವರೂ ಒಂದೇ ಸಮನೆ ಹೇಳುತ್ತಾರೆ. ಕಾನೂನಿನಲ್ಲಿ ಹಾಗಿಲ್ಲ. ಜೀವಾವಧಿಯೆಂದರೆ ಕೈದಿಯ ಉಳಿದ ಬದುಕೆಲ್ಲ ಎಂದು ಗೋಪಾಲ್ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿಯೇ ಸ್ಪಷ್ಟಪಡಿಸಿದೆ. ಹದಿನಾಲ್ಕರ ಲೆಕ್ಕ ಬಂದದ್ದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಮಿನಿಂದ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವನನ್ನು ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡಬಾರದು ಎಂಬುದು ಅದರ ಅರ್ಥ. ಬಿಡುಗಡೆಗೆ ಹಾಕಿದ್ದ ಕನಿಷ್ಠ ತಡೆ ಜನರ ಮನಸ್ಸಿನಲ್ಲಿ ಶಿಕ್ಷೆಯ ಗರಿಷ್ಠ ಅವಧಿಯಾಗಿ ಕುಳಿತುಬಿಟ್ಟಿದೆ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಸಂದರ್ಭದಲ್ಲಿ ಸನ್ನಡತೆಯ ಆಧಾರದ ಮೇಲೆ ಜೀವಾವಧಿ ಕೈದಿಗಳನ್ನು ಬಿಡುವ ಪದ್ಧತಿ ನಮ್ಮ ರಾಜ್ಯದಲ್ಲೂ ಇದೆ. ಅದರಿಂದ ಹೊಸ ಬದುಕು ಕಟ್ಟಿಕೊಂಡವರು ಎಷ್ಟೋ ಮಂದಿ, ಆ ಪದ್ಧತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ 2022ರ ಆಗಸ್ಟ್ 15ರಂದು ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳ ಬಿಲ್ಕಿಸ್ ಬಾನೊ ಪ್ರಕರಣದ ಹನ್ನೊಂದು ಅಪರಾಧಿಗಳನ್ನು ಗುಜರಾತ್ ಸರ್ಕಾರ ಬಿಡುಗಡೆ ಮಾಡಿದ್ದನ್ನು ಕಂಡ ಹೆಣ್ಣುಮಗಳೊಬ್ಬಳಿಗೆ ಜೀವಾವಧಿ ಶಿಕ್ಷೆಯನ್ನು ನಂಬು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಆ ಬಿಡುಗಡೆಯನ್ನು ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ರದ್ದುಪಡಿಸಿ ಅವರನ್ನು ಮತ್ತೆ ಜೈಲಿಗೆ ಕಳಿಸಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ಆ ತೀರ್ಪು ಒಂದಿಷ್ಟು ನಂಬಿಕೆಯನ್ನು ಮರಳಿ ತಂದುಕೊಟ್ಟಿತು. ಆದರೂ ಅದಕ್ಕಾಗಿ ನೊಂದ ಹೆಂಗಸೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಸಾವಿಗೂ ಹದಿನಾಲ್ಕು ವರ್ಷಕ್ಕೂ ನಡುವಿನ ಈ ದೊಡ್ಡ ಕಂದಕವನ್ನು ತುಂಬುವ ಕೆಲಸ ಬೆಂಗಳೂರಿನ ಪ್ರಕರಣವೊಂದರಿಂದಲೇ ಶುರುವಾಯಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ ಅವರನ್ನು 1991ರಲ್ಲಿ ಗಂಡನಾಗಿದ್ದ ಸ್ವಾಮಿ ಶ್ರದ್ಧಾನಂದ ಕೊಂದು ಮನೆಯ ಅಂಗಳದಲ್ಲಿ ಹೂತಿದ್ದ. ಅದು ಬಯಲಾದದ್ದು 1994ರಲ್ಲಿ. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಒಬ್ಬ ನ್ಯಾಯಮೂರ್ತಿ ಜೀವಾವಧಿ ಎಂದರು, ಇನ್ನೊಬ್ಬರು ಗಲ್ಲು ಎಂದರು. 2008ರ ಜುಲೈನಲ್ಲಿ ಮೂವರ ಪೀಠ ಬೇರೊಂದು ದಾರಿ ಹುಡುಕಿತು. ಹದಿನಾಲ್ಕು ವರ್ಷಕ್ಕೆ ಮುಗಿದುಹೋಗುವ ಶಿಕ್ಷೆ ಈ ಅಪರಾಧಕ್ಕೆ ತೀರ ಕಡಿಮೆಯೆಂದೆನಿಸಿ, ಬೇರೆ ಆಯ್ಕೆಯಿಲ್ಲದೆ ನ್ಯಾಯಾಲಯ ಗಲ್ಲಿನತ್ತ ಹೊರಳುವ ಅಪಾಯವನ್ನು ಅದು ಗುರುತಿಸಿತು. ಹಾಗಾಗಬಾರದೆಂದರೆ ಶಿಕ್ಷೆ ಮಾಫಿಯ ಅವಕಾಶವಿಲ್ಲದ ದೀರ್ಘ ಸೆರೆಯನ್ನು ವಿಧಿಸುವ ಅಧಿಕಾರ ನ್ಯಾಯಾಲಯಕ್ಕೆ ಇರಬೇಕೆಂದು ಹೇಳಿ, ಶ್ರದ್ಧಾನಂದನನ್ನು ಬದುಕಿರುವವರೆಗೆ ಬಿಡಕೂಡದೆಂದು ಆದೇಶಿಸಿತು. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ ಮೂರು–ಎರಡರ ಬಹುಮತದಿಂದ ಇದನ್ನು ಒಪ್ಪಿ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳಿಗೆ ಈ ಅಧಿಕಾರ ಇದೆಯೆಂದಿತು. ಉಮೇಶ್ ರೆಡ್ಡಿಗೆ ವಿಧಿಸಿದ ಕನಿಷ್ಠ ಮೂವತ್ತು ವರ್ಷಗಳ ಶಿಕ್ಷೆಯ ಬೇರು ಇಲ್ಲಿದೆ. ಗಲ್ಲನ್ನು ಬೇಡವೆನ್ನುವವರು ಕೈಯಲ್ಲಿ ಹಿಡಿದು ತೋರಿಸಬಹುದಾದ ನಿಜವಾದ ಪರ್ಯಾಯ ಇದೇ ಎಂದು ನಾನು ನಂಬಿದ್ದೇನೆ. ಸಮಾಜಕ್ಕೆ ಬೇಕಾದದ್ದು ಅವನು ಮತ್ತೊಂದು ಮನೆಯ ಬಾಗಿಲು ತಟ್ಟಲಾರನೆಂಬ ಭರವಸೆ. ತೀರ್ಪಿನ ದಿನದಿಂದಲೇ ಆ ಭರವಸೆಯನ್ನು ಕೊಡಬಲ್ಲದ್ದು ಇಂಥ ಸೆರೆ.

ಗಲ್ಲಿನ ಪರವಾದ ವಾದಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು, ಸರಣಿ ಹಂತಕರ ವಿಷಯದಲ್ಲಿ ತಪ್ಪಾಗುವ ಸಂಭವವೇ ಇಲ್ಲ, ಒಂದಲ್ಲ ಹತ್ತು ಪ್ರಕರಣಗಳಿರುತ್ತವಲ್ಲ ಎಂಬ ಮಾತು. ನೊಯ್ಡಾದ ನಿಠಾರಿಯಲ್ಲಿ 2006ರ ಡಿಸೆಂಬರಿನಲ್ಲಿ ಮನೆಯೊಂದರ ಬಳಿ ಮಕ್ಕಳ ಮೂಳೆಗಳು ಸಿಕ್ಕಾಗ ಇಡೀ ದೇಶವೇ ಹಾಗೆ ನಂಬಿತ್ತು. ಆ ಮನೆಯ ಕೆಲಸದಾತನಿಗೆ ಒಂದಾದ ಮೇಲೊಂದು ಪ್ರಕರಣದಲ್ಲಿ ಗಲ್ಲು ವಿಧಿಸಲಾಯಿತು. 2014ರ ಸೆಪ್ಟೆಂಬರಿನಲ್ಲಿ ಅವನನ್ನು ನೇಣಿಗೇರಿಸಲು ಮೀರತ್ ಜೈಲಿನಲ್ಲಿ ಸಿದ್ಧತೆ ನಡೆದಿದ್ದಾಗ, ಮಧ್ಯರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟಿನಿಂದ ತಡೆ ಸಿಕ್ಕಿತು. 2023ರಲ್ಲಿ ಅಲಹಾಬಾದ್ ಹೈಕೋರ್ಟ್ ಹನ್ನೆರಡು ಪ್ರಕರಣಗಳಲ್ಲಿ ಅವನನ್ನು ಖುಲಾಸೆಗೊಳಿಸಿತು. ಯಾವ ಪ್ರಕರಣಕ್ಕಾಗಿ ನೇಣು ಸಿದ್ಧವಾಗಿತ್ತೋ ಅದರಲ್ಲೂ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಆ ಮಕ್ಕಳನ್ನು ಕೊಂದವರು ಯಾರೆಂಬುದು ನ್ಯಾಯಾಲಯದ ಮಟ್ಟಿಗೆ ಇಂದು ಸಾಬೀತಾಗಿ ಉಳಿದಿಲ್ಲ. ಪ್ರಕರಣಗಳ ಸಂಖ್ಯೆ ಹೆಚ್ಚಿದ್ದಷ್ಟೂ ನಮ್ಮ ಖಾತರಿ ಹೆಚ್ಚುತ್ತದೆ, ಆದರೆ ತನಿಖೆ ಒಂದೇ ಆಗಿದ್ದು ಅದೇ ದುರ್ಬಲವಾಗಿದ್ದರೆ ಹತ್ತು ಪ್ರಕರಣಗಳೂ ಒಂದೇ ತಪ್ಪಿನ ಹತ್ತು ನಕಲುಗಳಾಗಿರುತ್ತವೆ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರ ಕಥೆಯೂ ಮರೆಯುವಂಥದ್ದಲ್ಲ. ಅವರಲ್ಲಿ ಮೂವರ ಜೀವಾವಧಿಯನ್ನು 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲಿಗೆ ಏರಿಸಿತ್ತು, 2019ರಲ್ಲಿ ಅದೇ ನ್ಯಾಯಾಲಯ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು.

ಅಲೆಮಾರಿಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪದೇ ಪದೇ ಅಪರಾಧ ಮಾಡುವವನು ಎಂಬ ಹಣೆಪಟ್ಟಿ ನಮ್ಮ ದೇಶದಲ್ಲಿ ಕೃತ್ಯ ನೋಡಿ ಮಾತ್ರ ಅಂಟಿಕೊಂಡದ್ದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಬರೆದಿಟ್ಟಿತ್ತು. 1952ರಲ್ಲಿ ಅದು ಹೋದ ಮೇಲೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ಕಾರಾಗೃಹದ ಕೈಪಿಡಿಗಳಲ್ಲಿ ಈ ಹಳೆಯ ಕಣ್ಣು ಇನ್ನೂ ಉಳಿದಿದ್ದನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಗುರುತಿಸಿ ತೆಗೆಯಲು ಹೇಳಿತು. ಮೇಲೆ ಹೇಳಿದ 2016ರ ವರದಿಯಲ್ಲಿ ಗಲ್ಲಿನ ಸಾಲಿನಲ್ಲಿದ್ದವರ ಪೈಕಿ ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರು. ಹಿಂದಿನ ದಾಖಲೆಯನ್ನು ತೋರಿಸಿ ಸಾವನ್ನು ಕೇಳುವಾಗ, ಆ ದಾಖಲೆ ಸಾಬೀತಾದ ಅಪರಾಧಗಳದ್ದೋ, ಬಾಕಿ ಇರುವ ಮೊಕದ್ದಮೆಗಳದ್ದೋ, ಬರೀ ಅನುಮಾನದ್ದೋ ಎಂದು ಕೇಳುವ ಶಿಸ್ತು ಬೇಕು. 1980ರ ಬಚನ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಈ ಮನುಷ್ಯ ಮುಂದೆಯೂ ಸಮಾಜಕ್ಕೆ ಅಪಾಯಕಾರಿಯಾಗಿಯೇ ಇರುತ್ತಾನೆ, ತಿದ್ದಿಕೊಳ್ಳಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕೆಂದಿತ್ತು. ನಲವತ್ತೆರಡು ವರ್ಷಗಳ ನಂತರ, 2022ರ ಮನೋಜ್ ಪ್ರಕರಣದಲ್ಲಿ, ಅದಕ್ಕೆ ಬೇಕಾದ ಮಾನಸಿಕ ಪರೀಕ್ಷೆಯ ವರದಿ ಮತ್ತು ಜೈಲಿನ ನಡತೆಯ ವರದಿಯನ್ನು ತರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತೆಂದರೆ, ನಡುವಿನ ಕಾಲದಲ್ಲಿ ಎಷ್ಟು ಜನರ ಸಾವು ಬದುಕು ಊಹೆಯ ಮೇಲೆ ತೀರ್ಮಾನವಾಗಿರಬಹುದು!

ಗಲ್ಲಿನ ಭಯದಿಂದ ಅಪರಾಧ ತಗ್ಗುತ್ತದೆಂಬ ವಾದವನ್ನು ನಾನಿಲ್ಲಿ ಹೆಚ್ಚು ಬೆಳೆಸುವುದಿಲ್ಲ. ಅದಕ್ಕೆ ಆಧಾರವಿಲ್ಲವೆಂದು ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ವಿವರವಾಗಿ ಬರೆದು, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆಯನ್ನು ತೆಗೆಯಬೇಕೆಂದು ಶಿಫಾರಸು ಮಾಡಿದೆ. ನಮ್ಮ ತೆರಿಗೆಯ ದುಡ್ಡಿನಲ್ಲಿ ಕೊಲೆಗಾರನಿಗೆ ಅನ್ನ ಹಾಕಿ ಸಾಕಬೇಕೆ ಎನ್ನುವವರಿಗೂ ಚಿಕ್ಕ ಉತ್ತರವಿದೆ. ಸೆಷನ್ಸ್ ನ್ಯಾಯಾಲಯದಿಂದ ರಾಷ್ಟ್ರಪತಿ ಭವನದವರೆಗೆ ಅಲೆಯುವ ಗಲ್ಲು ಶಿಕ್ಷೆಯ ಕೈದಿಗೂ ಅದೇ ಇಪ್ಪತ್ತು ವರ್ಷ ಅದೇ ದುಡ್ಡಿನಲ್ಲಿ ಅನ್ನ ಹಾಕುತ್ತಲೇ ಇದ್ದೇವೆ.

ನನ್ನದೇ ಪಕ್ಷದ ಕಷ್ಟವನ್ನು ಮುಚ್ಚಿಡಬಾರದು. ಬದುಕಿರುವವರೆಗೂ ಬಿಡುವುದಿಲ್ಲವೆಂಬ ಸೆರೆ ದಯೆಯ ಶಿಕ್ಷೆಯಲ್ಲ. ಸ್ವಾಮಿ ಶ್ರದ್ಧಾನಂದ ಎಂಬತ್ತು ದಾಟಿದ ಮೇಲೆ, ಇಷ್ಟು ವರ್ಷಗಳಲ್ಲಿ ಒಂದು ದಿನದ ಪೆರೋಲ್ ಕೂಡ ತನಗೆ ಸಿಕ್ಕಿಲ್ಲವೆಂದು ಹೇಳಿಕೊಂಡು ಬಿಡುಗಡೆಗಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದ. 2024ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಕೊಲೆಯ ಕ್ರೌರ್ಯವನ್ನು ನೆನೆದರೆ ನನಗೆ ಅವನ ಮೇಲೆ ಮರುಕ ಹುಟ್ಟುವುದಿಲ್ಲ. ಹಾಗಿದ್ದರೂ ಹಾಸಿಗೆ ಹಿಡಿದ ಮುದುಕನೊಬ್ಬನನ್ನು ಕಂಬಿಯ ಹಿಂದೆಯೇ ಇಟ್ಟುಕೊಂಡು ಸಮಾಜ ಯಾವ ಅಪಾಯದಿಂದ ತನ್ನನ್ನು ರಕ್ಷಿಸಿಕೊಳ್ಳುತ್ತಿದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಹಾಗಾಗಿಯೇ ಎಂದೆಂದಿಗೂ ಇಲ್ಲವೆನ್ನುವ ಶಿಕ್ಷೆಗಿಂತ, ಇಪ್ಪತ್ತೈದೋ ಮೂವತ್ತೋ ವರ್ಷಗಳ ತನಕ ಯಾವ ಸರ್ಕಾರವೂ ಮುಟ್ಟಲಾಗದ, ಆಮೇಲೆ ಕಟ್ಟುನಿಟ್ಟಾದ ಪರಿಶೀಲನೆಗೆ ಮಾತ್ರ ಒಳಪಡುವ ಸೆರೆ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಆ ಪರಿಶೀಲನೆಯಲ್ಲಿ ಬಿಡುಗಡೆ ಕೈದಿಯ ಹಕ್ಕಾಗಕೂಡದು, ಕೇಳುವ ಅವಕಾಶವಷ್ಟೇ ಅವನದಾಗಬೇಕು.

ಉಮೇಶ್ ರೆಡ್ಡಿಯ ವಿಷಯದಲ್ಲಿ ನ್ಯಾಯಾಲಯ ಇಟ್ಟಿರುವ ವ್ಯವಸ್ಥೆ ಹೀಗೆಯೇ ಇದೆ. ಮೂವತ್ತು ವರ್ಷಗಳ ವಾಸ್ತವ ಸೆರೆ ಮುಗಿದ ಮೇಲೆ ಅವನು ಶಿಕ್ಷೆ ಮಾಫಿಗೆ ಅರ್ಜಿ ಹಾಕಿದರೆ ಅದನ್ನು ಅದರ ಅರ್ಹತೆಯ ಮೇಲೆ ನೋಡಬೇಕು, ಸಿಗದಿದ್ದರೆ ಉಳಿದ ಬದುಕೂ ಸೆರೆಯಲ್ಲೇ. ಆ ದಿನ ಇನ್ನು ಬಹಳ ದೂರವಿಲ್ಲ. ಬಿಡುಗಡೆಗೆ ಮುನ್ನ ಏನನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಹೇಳಿದೆ. ಆ ಅಪರಾಧ ಒಬ್ಬರಿಗಷ್ಟೇ ಸಂಬಂಧಿಸಿದ್ದೋ ಇಡೀ ಸಮಾಜವನ್ನೇ ತಟ್ಟಿದ್ದೋ, ಮರುಕಳಿಸುವ ಸಂಭವವಿದೆಯೋ, ಅಪರಾಧವೆಸಗುವ ಸಾಮರ್ಥ್ಯವನ್ನು ಆತ ಕಳೆದುಕೊಂಡಿದ್ದಾನೋ, ಅವನನ್ನು ಇನ್ನೂ ಒಳಗಿಡುವುದರಿಂದ ಉಪಯೋಗವಿದೆಯೋ ಎಂಬ ಪ್ರಶ್ನೆಗಳವು. ಆ ಅರ್ಜಿ ಬೆಂಗಳೂರಿನ ಯಾವುದೋ ಕಚೇರಿಯ ಮೇಜಿನ ಮೇಲೆ ಬಂದಾಗ, ಗಣರಾಜ್ಯೋತ್ಸವದ ಪಟ್ಟಿಯೊಂದರಲ್ಲಿ ಸದ್ದಿಲ್ಲದೆ ಸೇರಿಕೊಳ್ಳದಂತೆ, ಪೀಣ್ಯದ ಆ ಮಗನಿಗೂ ಉಳಿದ ಹೆಣ್ಣುಮಕ್ಕಳ ಮನೆಯವರಿಗೂ ಮೊದಲೇ ತಿಳಿಸಿ, ಬಯಸಿದರೆ ಅವರ ಮಾತನ್ನು ಕೇಳಿ, ತಪ್ಪಿಸಿಕೊಂಡ ಇತಿಹಾಸವನ್ನೂ ಮಾನಸಿಕ ತಜ್ಞರ ವರದಿಯನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಬೇಕು. ಇಂದು ನನಗೆ ತಿಳಿದಿರುವ ಸಂಗತಿಗಳ ಮೇಲೆ ಹೇಳುವುದಾದರೆ, ಆ ಅರ್ಜಿಯನ್ನು ತಿರಸ್ಕರಿಸಬೇಕು ಮತ್ತು ಯಾಕೆ ತಿರಸ್ಕರಿಸಲಾಯಿತೆಂಬುದನ್ನು ಎಲ್ಲರೂ ಓದುವಂತೆ ಕಾರಣಸಹಿತ ಬರೆದು ಪ್ರಕಟಿಸಬೇಕು.